ಹದಿನಾಲ್ಕನೇ ವಾರ್ಡಿನ ಹೆಣ್ಣುದನಿ

ಕೆಂಚನಕಟ್ಟಿಯ ಜನ ಸುಖವಾಗಿದ್ದ ಕಾಲವೊಂದಿತ್ತು. ಆ ಊರಿನ ಪುರಸಭೆಯ ಯಾವ ನಿರ್ಣಯವೂ ಜಾರಿಗೆ ಬರುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಸದಸ್ಯರು ತಿಂಗಳಿಗೊಮ್ಮೆ ಸೇರುತ್ತಿದ್ದರು, ಉಪ್ಪಿಟ್ಟು ಶಿರಾ ತಿನ್ನುತ್ತಿದ್ದರು, ಮೇಜು ಕುಟ್ಟುತ್ತಿದ್ದರು, ಊರನ್ನು ಸಿಂಗಪುರ ಮಾಡತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿ, ಕೈ ತೊಳೆದು ಮನೆಗೆ ಹೋಗುತ್ತಿದ್ದರು. ಊರು ತನ್ನ ಪಾಡಿಗೆ ಕೆಂಚನಕಟ್ಟಿಯಾಗಿಯೇ ಉಳಿಯುತ್ತಿತ್ತು. ಮೂರ್ಖರ ಬಾಯಿಗೂ ಮೂರ್ಖರ ಕೈಗೂ ನಡುವೆ ಇದ್ದ ಆ ದೂರವೇ ಪ್ರಜಾಪ್ರಭುತ್ವ ಕೊಟ್ಟ ದೊಡ್ಡ ವರವೆಂದು ಯಾರಿಗೂ ಹೊಳೆದಿರಲಿಲ್ಲ. ಇರುವಾಗ ಹೊಳೆಯುವುದೂ ಇಲ್ಲ.

ಆಮೇಲೆ ಹುಕುಂಪೆಟ್ಟಿಗೆ ಬಂತು.

ಮೇಲಿನವರು ಅದಕ್ಕೆ ಬೇರೆಯೇ ಉದ್ದನೆಯ ಹೆಸರಿಟ್ಟಿದ್ದರು. ಉದ್ಘಾಟನೆಯ ಕಲ್ಲಿನಲ್ಲಿ ಅದು ಎರಡು ಸಾಲು ಹಿಡಿಯಿತು. ಊರವರು ನೋಡಿದ್ದು ಸಭಾಭವನದ ಮೂಲೆಯಲ್ಲಿ ಕೂತ ಒಂದು ಬೂದುಬಣ್ಣದ ಪೆಟ್ಟಿಗೆ. ಅದು ಹುಕುಂ ಕೊಡುತ್ತದೆಂದು ತಿಳಿದ ಮೇಲೆ ಹೆಸರು ತಾನಾಗಿ ಬಂತು. ಸಭಾಭವನದ ಚಾವಣಿಯ ತುಂಬ ಹೂವಿನ ಹಾರದ ಹಾಗೆ ಮೈಕುಗಳು. ಪ್ರತಿ ಸದಸ್ಯರ ಗಂಟಲಿನ ಗುರುತು ಪೆಟ್ಟಿಗೆಯೊಳಗೆ ಇರುತ್ತದೆ. ವಿಷಯ ಓದಿದಾಗ ಯಾವ ಗಂಟಲು ‘ಒಪ್ಪಿಗೆ’ ಎಂದಿತು, ಯಾವುದು ‘ಇಲ್ಲ’ ಎಂದಿತು ಎಂದು ಅದು ಎಣಿಸುತ್ತದೆ. ಬಹುಮತ ಬಿದ್ದ ಮರುಗಳಿಗೆಯೇ ಅದರ ಆಜ್ಞೆ ಊರಿನ ನೀರಿನ ವಾಲ್ವುಗಳಿಗೆ, ಬೀದಿದೀಪಗಳಿಗೆ, ಕಸದ ಗಾಡಿಗಳಿಗೆ, ಚಾಲಕನಿಲ್ಲದೆ ಓಡಾಡುವ ಬುಲ್ಡೋಜರಿಗೆ ಹೋಗುತ್ತದೆ. ಕಡತವಿಲ್ಲ, ಟೆಂಡರಿಲ್ಲ, ತಡೆಯಾಜ್ಞೆ ತರಲು ವಕೀಲರು ಕೋಟು ಹಾಕಿಕೊಳ್ಳುವಷ್ಟು ಹೊತ್ತೂ ಇಲ್ಲ.

ಮೊದಲ ಸಭೆಯಲ್ಲೇ ಅದರ ರುಚಿ ಊರಿಗೆ ಸಿಕ್ಕಿತು. ತೀರಿಕೊಂಡ ಮಾಜಿ ಅಧ್ಯಕ್ಷರೊಬ್ಬರ ಗೌರವಾರ್ಥ ಊರೇ ಎರಡು ನಿಮಿಷ ಸ್ತಬ್ಧವಾಗತಕ್ಕದ್ದೆಂದು ಸಭೆ ಎಂದಿನ ಭಾಷೆಯಲ್ಲಿ ಒಪ್ಪಿತು. ಪೆಟ್ಟಿಗೆ ಊರನ್ನು ಸ್ತಬ್ಧ ಮಾಡಿತು. ನಲ್ಲಿ ನಿಂತಿತು, ಸಿಗ್ನಲ್ಲು ಎಲ್ಲ ಕಡೆ ಕೆಂಪಾಯಿತು, ಹಿಟ್ಟಿನ ಗಿರಣಿ ಅರ್ಧ ಜೋಳ ಬೀಸಿ ಬಾಯಿ ಮುಚ್ಚಿತು. ಬದುಕಿದ್ದಾಗ ಒಂದು ಚರಂಡಿಯನ್ನೂ ಹರಿಸದಿದ್ದ ಮನುಷ್ಯ ಸತ್ತ ಮೇಲೆ ಇಡೀ ಊರನ್ನೇ ನಿಲ್ಲಿಸಿದನೆಂದು ಜನ ಆಡಿಕೊಂಡರು. ಎರಡನೇ ಸಭೆಯಲ್ಲಿ ಹಳೆಯ ಬೀದಿದೀಪ ತೆಗೆದು ಹೊಸವು ಹಾಕಬೇಕೆಂದು ನಿರ್ಣಯವಾಯಿತು. ತೆಗೆಯುವುದು ಕೂಡಲೇ ಆಯಿತು. ಹಾಕಲು ಹೊಸ ದೀಪ ತರಿಸಿರಬೇಕಿತ್ತು ಎಂಬುದು ಸದಸ್ಯರ ಗಮನಕ್ಕೆ ಬಂದದ್ದು ಅವರವರ ಮನೆಯ ಮುಂದೆ ಕತ್ತಲಾದಾಗ.

ಮನುಷ್ಯ ಎಲ್ಲಕ್ಕೂ ಹೊಂದಿಕೊಳ್ಳುತ್ತಾನೆ. ಕೆಂಚನಕಟ್ಟಿಯವರು ಸಭೆಯ ದಿನವನ್ನು ಗ್ರಹಣದ ದಿನದಂತೆ ಆಚರಿಸಲು ಕಲಿತರು. ಮುಂಜಾನೆಯೇ ಇದ್ದಬದ್ದ ಕೊಡ, ಬೋಗುಣಿಗಳಿಗೆ ನೀರು ತುಂಬಿಸಿಡುವುದು, ಎಮ್ಮೆಯನ್ನು ಒಳಗೆ ಕಟ್ಟುವುದು, ತಳ್ಳುಗಾಡಿಯನ್ನು ರಸ್ತೆಯಿಂದ ದೂರ ಎಳೆಯುವುದು. ‘ಇವತ್ತು ಸಭಿ ಐತಿ, ಹೊರಗ ಹೋಗಬ್ಯಾಡ’ ಎಂದು ಅತ್ತೆಯಂದಿರು ಬಸುರಿ ಸೊಸೆಯರಿಗೆ ಹೇಳುತ್ತಿದ್ದರು. ಸಭೆ ಮುಗಿದ ಮೇಲೆ ಕೆಲವರು ಸ್ನಾನವನ್ನೂ ಮಾಡುತ್ತಿದ್ದರು, ನೀರು ಇದ್ದರೆ.

ಹದಿನಾಲ್ಕನೇ ವಾರ್ಡಿನ ಸದಸ್ಯೆ ಶ್ರೀಮತಿ ವಿಜಯಲಕ್ಷ್ಮಿ ಬಸಲಿಂಗಪ್ಪ ಕೊಪ್ಪದ ಇದನ್ನೆಲ್ಲ ಉಳಿದವರಂತೆ ಮನೆಯಲ್ಲಿ ಕೂತೇ ಅನುಭವಿಸುತ್ತಿದ್ದಳು. ಆಕೆ ಸಭೆಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಆಕೆಯ ಗಂಡ.

ಇದರಲ್ಲಿ ಯಾರಿಗೂ ಸೋಜಿಗವೆನಿಸುತ್ತಿರಲಿಲ್ಲ. ಪುರಸಭೆಯ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಹೆಂಗಸರು ನಾಮಪತ್ರಕ್ಕೆ ಸಹಿ ಹಾಕಿ, ಕೈಮುಗಿದು ಫೋಟೋ ತೆಗೆಸಿಕೊಂಡು, ಗೆದ್ದ ದಿನ ಕೊರಳು ನೋಯುವಷ್ಟು ಹಾರ ಹಾಕಿಸಿಕೊಂಡು, ಪ್ರಮಾಣವಚನದ ಮರುದಿನ ಒಲೆಯ ಮುಂದೆ ಹಿಂದಿರುಗುತ್ತಿದ್ದರು. ಕುರ್ಚಿಯ ಮೇಲೆ ಗಂಡ ಕೂರುತ್ತಿದ್ದ. ಜನ ಅವನನ್ನು ‘ಮೆಂಬರ್ ಸಾಹೇಬ್ರ’ ಎಂದೂ, ಆಕೆಯನ್ನು ‘ಮೆಂಬರ್ ಸಾಹೇಬ್ರ ಮನಿಯವ್ರ’ ಎಂದೂ ಕರೆಯುತ್ತಿದ್ದರು.

ಹುಕುಂಪೆಟ್ಟಿಗೆಗೆ ದನಿಗುರುತು ಕೊಡಬೇಕೆಂದು ನೋಟಿಸು ಬಂದ ದಿನ ವಿಜಯಲಕ್ಷ್ಮಿ ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದಳು.

“ನಾ ಬರಬೇಕೇನ್ರಿ?” ಎಂದು ಕೇಳಿದಳು.

“ನೀ ಯಾಕ? ನಿನ್ನ ಗಂಟಲಾ ಬ್ಯಾರೆ, ನನ್ನ ಗಂಟಲಾ ಬ್ಯಾರೆ ಏನ?” ಎಂದ ಬಸಲಿಂಗಪ್ಪ, ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡು. “ನಾ ಹೋಗಿ ಕೊಟ್ಟು ಬರ್ತೀನಿ.”

ಕೊಟ್ಟು ಬಂದ. ಪೆಟ್ಟಿಗೆಯ ಮುಂದೆ ನಿಂತು ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, “ನಾನು ಶ್ರೀಮತಿ ವಿಜಯಲಕ್ಷ್ಮಿ ಬಸಲಿಂಗಪ್ಪ ಕೊಪ್ಪದ, ಹದಿನಾಲ್ಕನೇ ವಾರ್ಡಿನ ಸದಸ್ಯೆ” ಎಂದು ಎಮ್ಮೆಯ ದನಿಯಲ್ಲಿ ಓದಿದ. ಸಾಲಿನಲ್ಲಿದ್ದ ಉಳಿದ ಗಂಡಂದಿರು ಬಿದ್ದುಬಿದ್ದು ನಕ್ಕರು. ನಕ್ಕು ಮುಗಿಸಿ ಒಬ್ಬೊಬ್ಬರಾಗಿ ಹೋಗಿ ಶ್ರೀಮತಿ ಶಾಂತವ್ವ, ಶ್ರೀಮತಿ ಮೆಹಬೂಬಿ, ಕುಮಾರಿ ಪದ್ಮಾವತಿ ಆಗಿ ಬಂದರು. ಈ ಕೊನೆಯ ಕುಮಾರಿ ಮಾತ್ರ ಗಂಡನಲ್ಲ, ಚಿಕ್ಕಪ್ಪ. ಪೆಟ್ಟಿಗೆಗೆ ಗಂಡು ಹೆಣ್ಣಿನ ಭೇದವನ್ನು ಯಾರೂ ಕಲಿಸಿರಲಿಲ್ಲ. ಯಾವ ಹೆಸರಿಗೆ ಯಾವ ಗಂಟಲು ಎಂಬುದಷ್ಟೇ ಅದರ ವಿದ್ಯೆ. ಕಲಿತದ್ದನ್ನು ಅದು ಮರೆಯುತ್ತಿರಲಿಲ್ಲ.

ವರ್ಷ ತುಂಬಿದಾಗ ಪೆಟ್ಟಿಗೆಗಳ ಲೆಕ್ಕವೆಲ್ಲ ಮೇಲಿನವರಿಗೆ ಹೋಯಿತು. ಯಾವ ಊರಿನ ಸಭೆಯಲ್ಲಿ ಹೆಂಗಸರು ಎಷ್ಟು ಮಾತಾಡಿದರೆಂದು ನೋಡಿದರೆ ಕೆಂಚನಕಟ್ಟಿ ಎಲ್ಲರಿಗಿಂತ ಮುಂದೆ! ಪ್ರಶಸ್ತಿಪತ್ರ ಬಂತು. ಬಸಲಿಂಗಪ್ಪನೂ ಅವನ ಜೊತೆಯ ಶ್ರೀಮತಿಯರೂ ಪೇಟ ಸುತ್ತಿಕೊಂಡು, ಮೀಸೆ ತಿರುವಿಕೊಂಡು ಅದನ್ನು ಹಿಡಿದ ಫೋಟೋ ಸಭಾಭವನದ ಗೋಡೆಯಲ್ಲಿ ಈಗಲೂ ಇದೆ. ಕೆಳಗೆ ‘ಕೆಂಚನಕಟ್ಟಿಯ ದಿಟ್ಟ ಮಹಿಳೆಯರು’ ಎಂದು ಬರೆದಿದೆ.

ಹೀಗೆ ಎಲ್ಲ ಚೆನ್ನಾಗಿ ನಡೆದಿರುವಾಗ, ಒಂದು ಮಧ್ಯಾಹ್ನ ಬಳೆಗಾರ್ತಿ ಕಾಶವ್ವ ಸಂತೆಯ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ವಿಜಯಲಕ್ಷ್ಮಿಯ ಮನೆ ಬಾಗಿಲಿಗೆ ಬಂದಳು.

“ಏ ಫಕೀರವ್ವಾ! ಅದೀಯೇನ ಒಳಗ?”

ಆ ಹೆಸರಿನಿಂದ ಕರೆಯುವವಳು ಊರಿಗೆ ಅವಳೊಬ್ಬಳೇ ಉಳಿದಿದ್ದಳು. ವಿಜಯಲಕ್ಷ್ಮಿ ತವರಿನಲ್ಲಿ ಫಕೀರವ್ವ. ಅವ್ವ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದಳು. ಪಕ್ಕದ ಗೋಣಿತಾಟು ಕಾಶವ್ವನದು. ಬಸಲಿಂಗಪ್ಪನಿಗೂ ಆಗ ಇದ್ದದ್ದು ಒಂದು ತಗಡಿನ ಅಂಗಡಿ, ಆದರೂ ಅತ್ತೆಗೆ ಹೆಸರು ಹಿಡಿಸಲಿಲ್ಲ. “ಫಕೀರವ್ವ ಅನ್ನಾಕಿ ಹೊಸ್ತಿಲ ದಾಟಿ ಬಂದ್ರ ಲಕ್ಷ್ಮಿ ಯಾವ ದಾರೀಲೆ ಬರ್ತಾಳ?” ಎಂದು ಮದುವೆಯ ದಿನವೇ ಹೆಸರು ಬದಲಿಸಿದಳು. ಅಕ್ಕಿಯ ಮೇಲೆ ಬೆರಳಿನಿಂದ ಹೊಸ ಹೆಸರು ಬರೆಸಿದರು. ಹಳೆಯದು ಯಾರಿಗೂ ಬೇಡವಾಗಿ ಎಲ್ಲೋ ಬಿದ್ದುಕೊಂಡಿತ್ತು.

“ಬಾ ಕಾಶಕ್ಕ, ಕುಂದರು. ಏನಾತು?”

“ಕುಂದರಾಕ ಬಂದಿಲ್ಲ. ನಮ್ಮ ನಾಕು ಬಾಗಿಲಾ ಕೆಡವ್ತಾರಂತ. ಖರೇ ಏನ?”

ನಾಲ್ಕು ಬಾಗಿಲು ಎಂದರೆ ಸಂತೆಬಯಲಿನ ಮೂಲೆಯಲ್ಲಿದ್ದ ಹೆಂಗಸರ ಪಾಯಖಾನೆ. ಊರಿನ ಪೇಟೆಗೆಲ್ಲ ಅದೊಂದೇ. ಗೆದ್ದ ಹೊಸತರಲ್ಲಿ, ಗಂಡನಿಗೆ ಕುರ್ಚಿಯ ಅಭ್ಯಾಸ ಇನ್ನೂ ಆಗುವ ಮೊದಲು, ವಿಜಯಲಕ್ಷ್ಮಿ ಒಬ್ಬಳೇ ಹಳೆಯ ಮುಖ್ಯಾಧಿಕಾರಿಯ ಮುಂದೆ ನಿಂತು ಬೇಡಿ ಕಟ್ಟಿಸಿದ್ದು. ಸದಸ್ಯೆಯಾಗಿ ಆಕೆ ಮಾಡಿದ ಕೆಲಸ ಅದೊಂದೇ. ಆಕೆಯ ಅವ್ವ ಸಂತೆಯ ದಿನ ಮುಂಜಾನೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿ? ವರ್ಷಗಟ್ಟಲೆ ಹಾಗೆ ಒಣಗಿ ಒಣಗಿ ಕಿಡ್ನಿ ಹಾಳಾಗಿ ಸತ್ತಳು. ಡಾಕ್ಟರು ಕಾಯಿಲೆಗೆ ಉದ್ದನೆಯ ಹೆಸರು ಹೇಳಿದರು. ಮಗಳಿಗೆ ಗೊತ್ತಿದ್ದ ಹೆಸರು ಸಂತೆ.

“ಯಾರಂದ್ರು ಕೆಡವ್ತಾರಂತ?”

“ಬುಲ್ಡೋಜರ ಬಂದು ನಿಂತೈತಲ್ಲ! ಸಭಿ ಆಗೂದ್ರಾಗ ಬಂದು ಎದುರಿಗೆ ಕುಂತೈತಿ, ಬೆಕ್ಕು ಇಲಿ ಬಿಲದ ಮುಂದ ಕುಂತಂಗ. ನಾವು ಸಭಿಗೆ ಹೋಗಿ ಕೇಳೂಣಂದ್ರ ಗೇಟಿನ್ಯಾಗ ಬಿಡೂದಿಲ್ಲ. ನೀನ ನಮ್ಮ ಮೆಂಬರು. ನೀ ಹೇಳು.”

“ಹೇಳ್ತೀನಿ ಕಾಶಕ್ಕ. ಕೆಡವಾಕ ಬಿಡೂದಿಲ್ಲ.”

“ಆಣಿ ಮಾಡು.”

“ಅವ್ವನ ಆಣಿ,” ಎಂದಳು ವಿಜಯಲಕ್ಷ್ಮಿ. ಹೇಳಿದ ಮೇಲೆ, ತಾನು ಯಾವ ಬಾಯಿಂದ ಹೇಳುವವಳು ಎಂದು ಆಕೆಗೇ ದಿಗಿಲಾಯಿತು.

ಊಟಕ್ಕೆ ಕೂತ ಗಂಡನನ್ನು ಕೇಳಿದಳು. ರೊಟ್ಟಿ ಮುರಿಯುತ್ತ ಅವನು ಉತ್ಸಾಹದಿಂದಲೇ ವಿವರಿಸಿದ. ಅಲ್ಲಿ ಸೆಲ್ಫಿ ಪಾಯಿಂಟ್ ಬರುತ್ತದೆ. ಆಳೆತ್ತರದ ಅಕ್ಷರಗಳಲ್ಲಿ ‘ಐ ಲವ್ ಕೆಂಚನಕಟ್ಟಿ’. ಲವ್ ಇರುವ ಕಡೆ ಕೆಂಪು ಹೃದಯ; ಅದು ಹತ್ತಿ ಆರುತ್ತದೆ. ಪಕ್ಕದ ಊರಿನವರು ಹಾಕಿಸಿದ್ದಾರೆ, ಅವರ ಹೃದಯಕ್ಕಿಂತ ಇದು ದೊಡ್ಡದು.

“ಅದರ ಬಾಜೂಕ ಕಟ್ಟರಿ. ಬಯಲು ಅಷ್ಟು ಐತಿ.”

“ಬಾಜೂಕ ಪಾಯಖಾನಿ ಇದ್ರ ಸೆಲ್ಫಿ ಒಳಗ ಪಾಯಖಾನಿ ಬರ್ತೈತಲ್ಲ, ಹುಚ್ಚಿ!”

“ಸಂತಿ ಹೆಂಗಸರು ಎಲ್ಲಿ ಹೋಗಬೇಕ್ರಿ?”

“ಮುಂಜಾನೆ ಮನ್ಯಾಗ ಮುಗಿಸ್ಕೊಂಡು ಬರಬೇಕು. ನಾವೆಲ್ಲ ಬರೂದಿಲ್ಲೇನು?”

ಅವನೂ ಅವನ ಜೊತೆಗಾರರೂ ಸಭೆ ನಡೆಯುವಾಗಲೇ ಹೊರಗೆ ಹೋಗಿ ಪುರಸಭೆಯ ಹಿಂಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಆ ಗೋಡೆಯ ಸುಣ್ಣವೇ ಸಾಕ್ಷಿ. ವಿಜಯಲಕ್ಷ್ಮಿ ಅದನ್ನು ಎತ್ತಲಿಲ್ಲ.

“ಅದನ್ನ ನಾ ಕಟ್ಟಿಸಿದ್ದು,” ಎಂದಳು.

“ನೀ ಕಟ್ಟಿಸಿದ್ದು ಅಂದ್ರ ನಾ ಕಟ್ಟಿಸಿದ್ದು. ನಾ ಕಟ್ಟಿಸಿದ್ದು ನಾ ಕೆಡವ್ತೀನಿ. ಮಜ್ಜಿಗಿ ಹಾಕು.”

ಮರುದಿನ ಆಕೆ ಪುರಸಭೆಯ ಕಂಟ್ರೋಲ್ ರೂಮಿಗೆ ಹೋದಳು. ಅದು ಮೊದಲು ಕಡತಗಳ ಕೋಣೆಯಾಗಿತ್ತು. ಕಡತಗಳು ಸೆಖೆಯಲ್ಲಿ ಬೆಂದು ಹೋಗಿದ್ದವು, ಪೆಟ್ಟಿಗೆಯ ಪರದೆಗಳಿಗೆ ಮಾತ್ರ ಎ.ಸಿ. ಹಾಕಿದ್ದರು. ಪರದೆಗಳಲ್ಲಿ ಊರಿನ ನರನಾಡಿಯೆಲ್ಲ ಮಿಣುಕುತ್ತಿತ್ತು. ಒಂದರಲ್ಲಿ ಸಂತೆಬಯಲು ಕಾಣುತ್ತಿತ್ತು: ನಾಲ್ಕು ಹಸಿರು ಬಾಗಿಲುಗಳು, ಎದುರಿಗೆ ಹಲ್ಲು ಕಿರಿದ ಬುಲ್ಡೋಜರ್. ಅಲ್ಲಿನ ತಂತ್ರಜ್ಞ ಪ್ರಸನ್ನ ದೇಶಪಾಂಡೆ ಹುಬ್ಬಳ್ಳಿಯವನು. ಪೆಟ್ಟಿಗೆ ಎಷ್ಟು ಬುದ್ಧಿವಂತವೋ ತಾನೂ ಅಷ್ಟೇ ಎಂಬ ನಂಬಿಕೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಸದಸ್ಯೆಯೆಂದು ತಿಳಿದು ಕಾಲಿಳಿಸಿದ, ಒಂದನ್ನು.

“ನನ್ನ ದನಿ ಹಾಕ್ಕೊಳ್ರಿ,” ಎಂದಳು ಆಕೆ. “ನಮ್ಮನಿಯವರದು ತಗೀರಿ.”

“ಆಗೂದಿಲ್ಲ ಮೇಡಂ. ದನಿ ಬದಲಿಸಬೇಕಂದ್ರ ಸಭೆಯ ನಿರ್ಣಯ ಆಗಬೇಕು.”

“ನಿರ್ಣಯಕ್ಕ ಯಾರು ಕೇಳಬೇಕು?”

“ಆ ಸದಸ್ಯರ ಸ್ವತಃ ಕೇಳಬೇಕು. ಸ್ವಂತ ದನೀಲೆ.”

“ಸ್ವಂತ ದನಿ ಅಂದ್ರ?”

“ಪೆಟ್ಟಿಗಿಯಾಗ ಇದ್ದದ್ದು.”

“ಅಂದ್ರ ನನ್ನ ಗಂಡ ಎದ್ದು ನಿಂತು, ನಾನು ನಾನಲ್ಲ ಅನ್ನಬೇಕು.”

“ಬರೋಬರಿ ಮೇಡಂ,” ಎಂದ ಪ್ರಸನ್ನ, ಜಾಣ ಶಿಷ್ಯೆಯನ್ನು ನೋಡಿದಂತೆ ಸಂತೋಷಪಟ್ಟು. “ಸಿಸ್ಟಂ ಭಾಳ ಪಕ್ಕಾ ಐತಿ.”

“ಹಂಗಾದ್ರ ನಾ ಸಭ್ಯಾಗ ಮಾತಾಡಿದ್ರ ಅದಕ್ಕ ಕೇಳೂದ ಇಲ್ಲೇನು?”

“ಕೇಳ್ತದ, ಯಾಕ ಕೇಳೂದಿಲ್ಲ? ಹೊರಗಿನವರು ಅಂತ ಕೇಳ್ತದ. ಹೋದ ವರ್ಷ ಅದ ಗದ್ದಲ ಆತಲ್ಲ! ಚಹಾದ ರಾಜೇಸಾಬ ಕಪ್ಪು ಹಂಚಾಕ ಬಂದಾಂವ. ಆಸ್ಪತ್ರಿ ಮುಂದ ಸಾಲಾಗಿ ರಸ್ತೆ ಉಬ್ಬು ಹಾಕೂ ವಿಷಯ ನಡದಿತ್ತು. ಇವನು ‘ಬ್ಯಾಡ್ರಿ ಸಾಹೇಬ್ರ, ಬಸುರಿ ಹೆಂಗಸರು ಬರೂ ದಾರಿ, ನನ್ನ ಹೆಂಡ್ತೀನ್ನೂ ಅದ ದಾರೀಲೆ ಒಯ್ತೀನಿ’ ಅಂದುಬಿಟ್ಟ. ಪೆಟ್ಟಿಗಿ ಹಿಡಕೊಂಡ್ತು. ಕಾನೂನಿನ್ಯಾಗ ಒಂದು ಮಾತು ಐತಿ ನೋಡ್ರಿ: ಯಾವ ಸೌಕರ್ಯದ ಬಗ್ಗೆ ಸಭೆ ನಡದೈತೋ, ಅದನ್ನ ಬಳಸೂ ಹೊರಗಿನವರು ಒಬ್ಬರು ಎದುರಿಗೆ ನಿಂತು, ಹೆಸರು ಹೇಳಿ, ಕಾರಣ ಕೊಟ್ಟು ಬ್ಯಾಡ ಅಂದ್ರ ಕೆಲಸ ಬಂದ್. ಯಾರೋ ಹಳೇ ಕಾಲದಾಗ ಬರದದ್ದು. ಮನುಷ್ಯರು ಯಾರೂ ಓದಿದ್ದಿಲ್ಲ, ಪೆಟ್ಟಿಗಿ ಓದಿಬಿಟ್ಟಿತ್ತು.”

“ಅದಕ್ಕ ಜನರನ್ನ ಒಳಗ ಬಿಡೂದಿಲ್ಲೇನು?”

“ಅದಕ್ಕ ಮತ್ತ! ಈಗ ಚಹಾ ಸೈತ ಬಾಗಿಲತನಕ. ‘ಸಾರ್ವಜನಿಕರಿಗೆ ಮುಕ್ತ ಸಭೆ’ ಅಂತ ಬೋರ್ಡ್ ಐತಿ, ಗೇಟಿನ್ಯಾಗ ಪಾಸ್ ಕೇಳ್ತಾರ. ನಿಮಗೇನು ಚಿಂತಿಲ್ಲ ಬಿಡ್ರಿ ಮೇಡಂ, ನಿಮ್ಮನ್ನ ಯಾರೂ ತಡಿಯೂದಿಲ್ಲ. ಮೆಂಬರ್ ಪಾಸಿನ್ಯಾಗ ಫೋಟೋ ನಿಮ್ಮದ ಐತಿ.”

ಆತ ಇದನ್ನು ಸಮಾಧಾನಕ್ಕೆಂದು ಹೇಳಿದ್ದ. ವಿಜಯಲಕ್ಷ್ಮಿ ಸ್ವಲ್ಪ ಹೊತ್ತು ಪರದೆಯ ಮೇಲಿನ ನಾಲ್ಕು ಬಾಗಿಲುಗಳನ್ನು ನೋಡಿದಳು. ಆಮೇಲೆ, “ಭಾಳ ಉಪಕಾರ ಆತಪ್ಪ,” ಎಂದು ಎದ್ದಳು. ಯಾಕೆ ಉಪಕಾರ ಎಂದು ಯೋಚಿಸುವ ಕೆಲಸ ಪೆಟ್ಟಿಗೆಯದಲ್ಲದ್ದರಿಂದ ಪ್ರಸನ್ನನದೂ ಆಗಿರಲಿಲ್ಲ. ಅವನು ಇಳಿಸಿದ ಕಾಲನ್ನು ಮತ್ತೆ ಮೇಲಿಟ್ಟ.

ಸಭೆಯ ದಿನ ಊರೆಲ್ಲ ನೀರು ತುಂಬಿಸಿಕೊಳ್ಳುವ ಗಡಿಬಿಡಿಯಲ್ಲಿತ್ತು. ಗಂಡ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಶ್ರೀಮತಿ ವಿಜಯಲಕ್ಷ್ಮಿಯಾಗಿ ಹೊರಟುಹೋದ. ಆಕೆ ಟ್ರಂಕಿನ ತಳದಿಂದ ತನ್ನ ಪಾಸು ತೆಗೆದು ಸೆರಗಿಗೆ ಸಿಕ್ಕಿಸಿಕೊಂಡು ಮೊದಲು ಸಂತೆಬಯಲಿಗೆ ನಡೆದಳು. ಕಾಶವ್ವನ ಪಕ್ಕ, ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತು, “ನೀರು ಕೊಡ ಕಾಶಕ್ಕ,” ಎಂದಳು. ತಂಬಿಗೆ ನೀರನ್ನು ಎತ್ತಿ ಗಟಗಟ ಕುಡಿದಳು. ಅದು ಮುಗಿದ ಮೇಲೆ ಮಜ್ಜಿಗೆಯವಳನ್ನು ಕರೆದಳು.

“ಏನ ಬಿಸಲೇ ಇಲ್ಲ, ಹಿಂಗ್ಯಾಕ ಕುಡ್ಯಾಕತ್ತೀ?” ಎಂದಳು ಕಾಶವ್ವ.

“ಕೆಲಸ ಐತಿ.”

ಸ್ವಲ್ಪ ಹೊತ್ತಿಗೆ ಆಕೆ ಎದ್ದು, ಎಂಜಿನ್ ಗುರ್ರೆನ್ನುತ್ತಿದ್ದ ಬುಲ್ಡೋಜರಿನ ಮೂಗಿನ ಮುಂದೆಯೇ ಹಾದು, ಮೂರನೇ ಹಸಿರು ಬಾಗಿಲು ತೆರೆದು ಒಳಗೆ ಹೋಗಿ ಬಂದಳು. ಕೈ ತೊಳೆದುಕೊಂಡಳು. ಪೆಟ್ಟಿಗೆಯೇ ಇರಲಿ, ಮನುಷ್ಯನೇ ಇರಲಿ, ಸುಳ್ಳು ಹೇಳಬಾರದಲ್ಲ.

ಗೇಟಿನ ಕಾವಲುಗಾರ ಹಣಮಂತ ಪಾಸು ನೋಡಿ, ಮುಖ ನೋಡಿ, ಮತ್ತೆ ಪಾಸು ನೋಡಿದ. ಅಷ್ಟು ವರ್ಷದಲ್ಲಿ ಹೆಂಗಸಿನ ಹೆಸರಿನ ಪಾಸಿನ ಜೊತೆ ಹೆಂಗಸೇ ಬಂದದ್ದು ಇದೇ ಮೊದಲು. ಗಾಬರಿಯಲ್ಲಿ ಸೆಲ್ಯೂಟ್ ಹೊಡೆದ.

ಒಳಗೆ ವಿಷಯಗಳು ಉಪ್ಪಿಟ್ಟಿನ ವಾಸನೆಯ ಕಡೆಗೆ ವೇಗವಾಗಿ ಓಡುತ್ತಿದ್ದವು. ಅಧ್ಯಕ್ಷ ರುದ್ರಗೌಡರು ಓದುವುದು, ಮೇಜು ಕುಟ್ಟುವುದು, ಪೆಟ್ಟಿಗೆ ‘ಜಾರಿ’ ಎನ್ನುವುದು. ಊರಿನ ಎಲ್ಲೋ ಒಂದು ಕಡೆ ಏನೋ ಮುಚ್ಚಿಕೊಳ್ಳುತ್ತಿತ್ತು, ಇನ್ನೇನೋ ಮುರಿಯುತ್ತಿತ್ತು. ವಿಜಯಲಕ್ಷ್ಮಿ ಹಿಂದಿನ ಬೆಂಚಿನಲ್ಲಿ, ಪ್ರಶಸ್ತಿಯ ಫೋಟೋದ ಕೆಳಗೆ ಕೂತಳು. ಯಾರದೋ ಹೆಂಡತಿ ಮನೆಯ ಕೀಲಿಕೈ ಕೊಡಲು ಬಂದಿರಬೇಕೆಂದು ಯಾರೂ ತಿರುಗಿ ನೋಡಲಿಲ್ಲ.

“ಮುಂದಿನ ವಿಷಯ. ಸಂತೆಬಯಲಿನ ಈಶಾನ್ಯ ಮೂಲೆಯ ಶಿಥಿಲ ಕಟ್ಟಡ ತೆರವುಗೊಳಿಸಿ, ಸದರಿ ಸ್ಥಳದಲ್ಲಿ ಸೆಲ್ಫಿ ಪಾಯಿಂಟ್ ನಿರ್ಮಿಸುವುದು.”

“ಗೌಡ್ರ, ಹೃದಯ ಇನ್ನ ಒಂದೆರಡು ಫೂಟ ದೊಡ್ಡದು ಮಾಡ್ರಿ,” ಎಂದರು ಕುಮಾರಿ ಪದ್ಮಾವತಿಯವರು, ಮೂಗಿಗೆ ನಶ್ಯ ಏರಿಸುತ್ತ.

“ಇಂಥಾ ಹೃದಯವಂತ ಪುರಸಭೆ ಎಲ್ಲೈತ್ರಿ!” ಎಂದು ಇನ್ನೊಬ್ಬರು ನಕ್ಕರು. ಮೇಜು ಕುಟ್ಟಿದರು.

ಪೆಟ್ಟಿಗೆ ತನ್ನ ತಣ್ಣನೆಯ, ಅಚ್ಚುಕಟ್ಟಾದ ದನಿಯಲ್ಲಿ ವಾರ್ಡುವಾರು ಕರೆಯತೊಡಗಿತು. ಒಪ್ಪಿಗೆ. ಒಪ್ಪಿಗೆ. ಒಪ್ಪಿಗೆ.

“ವಾರ್ಡ್ ಹದಿನಾಲ್ಕು. ಶ್ರೀಮತಿ ವಿಜಯಲಕ್ಷ್ಮಿ ಬಸಲಿಂಗಪ್ಪ ಕೊಪ್ಪದ.”

“ಒಪ್ಪಿಗೆ,” ಎಂದ ಬಸಲಿಂಗಪ್ಪ.

“ನನ್ನ ಒಪ್ಪಿಗಿ ಇಲ್ಲ,” ಎಂದಳು ಆಕೆ, ಎದ್ದು ನಿಂತು.

ಎಲ್ಲರೂ ತಿರುಗಿದರು. ಬಸಲಿಂಗಪ್ಪ ಕುರ್ಚಿಯಿಂದ ಅರ್ಧ ಎದ್ದ. “ಏ... ನೀ ಯಾಕ ಬಂದಿ ಇಲ್ಲಿ? ನಡೀ ಮನಿಗೆ!”

ಪೆಟ್ಟಿಗೆಯ ನೆತ್ತಿಯಲ್ಲಿ ಹಳದಿ ದೀಪ ಹತ್ತಿತು. “ಹೊರಗಿನವರ ದನಿ. ಸಾರ್ವಜನಿಕರ ಆಕ್ಷೇಪಣೆ ಎಂದು ಪರಿಗಣಿಸಲಾಗುತ್ತಿದೆ. ಎಣಿಕೆ ನಿಂತಿದೆ.”

“ಏ ಹೊರಗಿನವರಲ್ಲೋ ಮಾರಾಯ!” ರುದ್ರಗೌಡರು ಪೆಟ್ಟಿಗೆಗೆ ಕೈ ಬೀಸಿದರು. “ಅವರು ಮೆಂಬರು! ಮೆಂಬರು ಆಕ್ಷೇಪಣಿ ಕೊಡಾಕ ಬರೂದಿಲ್ಲ, ವೋಟ ಅಷ್ಟ ಹಾಕಬೇಕು. ತಗಿ, ತಗಿ ಅದನ್ನ.”

“ಇವರು ಸದಸ್ಯರೇ?” ಎಂದಿತು ಪೆಟ್ಟಿಗೆ. “ಯಾವ ವಾರ್ಡಿನವರು?”

“ಹದಿನಾಲ್ಕು.”

“ಹದಿನಾಲ್ಕನೇ ವಾರ್ಡಿನ ಸದಸ್ಯೆ ಆಸನದಲ್ಲಿದ್ದು ಈಗಷ್ಟೇ ಒಪ್ಪಿಗೆ ನೀಡಿದ್ದಾರೆ. ಇವರು ಆ ಸದಸ್ಯೆಯಾಗಿದ್ದಲ್ಲಿ, ಆಸನದಲ್ಲಿರುವ ವ್ಯಕ್ತಿ ಯಾರೆಂದು ಸಭೆ ತಿಳಿಸತಕ್ಕದ್ದು. ಆ ದನಿ ಭಾಗವಹಿಸಿದ ಎಲ್ಲ ನಿರ್ಣಯಗಳು ರದ್ದಾಗುತ್ತವೆ. ಅಧ್ಯಕ್ಷರ ಆಯ್ಕೆಯೂ ಅದರಲ್ಲಿ ಸೇರಿದೆ. ಉಳಿದ ಸದಸ್ಯರ ದನಿಗಳನ್ನೂ ಪರಿಶೀಲನೆಗೆ ಕಳುಹಿಸಲಾಗುತ್ತದೆ.”

ಸಭೆಯಲ್ಲಿ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ಆವಿಗೆ ಕುಣಿಯುತ್ತಿತ್ತು. ಶ್ರೀಮತಿ ಶಾಂತವ್ವ ಪೇಟ ತೆಗೆದು ತಲೆ ಒರೆಸಿಕೊಂಡರು. ಶ್ರೀಮತಿ ಮೆಹಬೂಬಿ ಗಡ್ಡ ಕೆರೆದುಕೊಂಡರು. ಕುಮಾರಿ ಪದ್ಮಾವತಿಗೆ ಸೀನು ಬಂದಿತ್ತು, ತಡೆದುಕೊಂಡರು. ಈ ಘಳಿಗೆಯಲ್ಲಿ ಪೆಟ್ಟಿಗೆಗೆ ತಮ್ಮ ಗಂಟಲು ನೆನಪಾಗುವುದು ಯಾರಿಗೂ ಬೇಡವಾಗಿತ್ತು.

ರುದ್ರಗೌಡರು ಬಸಲಿಂಗಪ್ಪನ ಕಡೆ ಬಗ್ಗಿ, ಹಲ್ಲು ಕಚ್ಚಿ ಪಿಸುಗುಟ್ಟಿದರು: “ಏನರೆ ಹೇಳೋ ಪುಣ್ಯಾತ್ಮಾ. ಎಲ್ಲರ ಕುರ್ಚಿ ಹೋಗ್ತಾವು.”

ಬಸಲಿಂಗಪ್ಪ ಹೆಂಡತಿಯನ್ನು ನೋಡಿದ. ಆಕೆ ಅವನನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ, ಮಜ್ಜಿಗೆ ಹುಳಿ ಬಂದಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಇಪ್ಪತ್ತು ವರ್ಷಗಳ ಸಂಸಾರ ಒಂದು ಕಡೆ, ಫೋಮು ಹಾಕಿದ ತಿರುಗುವ ಕುರ್ಚಿ ಒಂದು ಕಡೆ. ಅವನು ಬಹಳ ಹೊತ್ತು ತೂಗಲಿಲ್ಲ.

“ಈಕಿ ಯಾರೋ ನನಗ ಗೊತ್ತಿಲ್ಲ,” ಎಂದ.

“ನಮಗೂ ಗೊತ್ತಿಲ್ಲ,” ಎಂದು ಸಭೆ ಒಕ್ಕೊರಲಿನಿಂದ ಹೇಳಿತು. ಕೆಂಚನಕಟ್ಟಿ ಪುರಸಭೆ ಇಷ್ಟು ಪ್ರಾಮಾಣಿಕವಾದ ಮಾತನ್ನು ಸರ್ವಾನುಮತದಿಂದ ಆಡಿದ್ದು ಬೇರೊಂದಿಲ್ಲ.

“ಹಾಗಾದರೆ ಇವರು ಸಾರ್ವಜನಿಕರು,” ಎಂದಿತು ಪೆಟ್ಟಿಗೆ. “ಅಮ್ಮಾ, ನಿಮ್ಮ ಹೆಸರು?”

ಆಕೆಗೆ ಅಭ್ಯಾಸಬಲ. “ವಿಜಯಲಕ್ಷ್ಮಿ.”

“ಕ್ಷಮಿಸಿ. ಈ ಸಭೆಯಲ್ಲಿ ಆ ಹೆಸರು ಹದಿನಾಲ್ಕನೇ ಆಸನದವರದು. ನಿಮ್ಮದೇ ಹೆಸರು ಹೇಳಿ.”

ಆಕೆ ತಡೆದಳು. ಮೂಲೆಯಲ್ಲಿ ಬಿದ್ದದ್ದನ್ನು ಎತ್ತಿ, ಧೂಳು ಕೊಡವಿ, ಇನ್ನೂ ಗಟ್ಟಿಯಿದೆಯೇ ಎಂದು ನೋಡುವಷ್ಟು ಹೊತ್ತು.

“ಫಕೀರವ್ವ,” ಎಂದಳು. “ಬೆಳ್ಳುಳ್ಳಿ ಬಸವ್ವನ ಮಗಳು ಫಕೀರವ್ವ.”

“ಫಕೀರವ್ವನವರೇ, ಈ ಕಟ್ಟಡವನ್ನು ನೀವು ಬಳಸುತ್ತೀರಾ?”

“ಬಳಸ್ತೀನಿ.”

“ಕೊನೆಯ ಸಲ ಯಾವಾಗ?”

“ಈಗ, ಇಲ್ಲಿಗೆ ಬರೂ ಮುಂದ.”

ಯಾರೋ ಕಿಸಕ್ಕನೆ ನಕ್ಕು, ಪೆಟ್ಟಿಗೆಯ ನೆನಪಾಗಿ ನಗು ನುಂಗಿದರು.

“ನಿಮ್ಮ ಆಕ್ಷೇಪಣೆಗೆ ಕಾರಣ?”

ಆಕೆ ಭಾಷಣ ಕಟ್ಟಿಕೊಂಡು ಬಂದಿದ್ದಳು. ಅದರಲ್ಲಿ ‘ಮಹಿಳಾ ಸಬಲೀಕರಣ’ ಎಂಬ ಮಾತೂ ಇತ್ತು. ಅದೆಲ್ಲ ಮರೆತುಹೋಯಿತು. “ಅದ ಬಯಲಾಗ ನಮ್ಮವ್ವ ನೀರು ಕುಡೀಲಾರದ ಸತ್ತಳು,” ಎಂದಳು. “ನೀರು ಇದ್ದಿಲ್ಲಂತ ಅಲ್ಲ. ತಂಬಗಿ ತುಂಬ ನೀರು ಬಾಜೂಕ ಇತ್ತು. ಕುಡದ್ರ ಎಲ್ಲಿ ಹೋಗಬೇಕು ಅಂತ ಕುಡೀಲಿಲ್ಲ. ಇವತ್ತು ಸಂತ್ಯಾಗ ಕುಂತ ಹೆಂಗಸರು ನೀರು ಕುಡೀತಾರ. ಅದು ಆ ನಾಕು ಬಾಗಿಲದಿಂದ. ಇಲ್ಲಿ ಕುಂತವರಿಗೆ ಪುರಸಭಿ ಹಿಂದಿನ ಗ್ವಾಡಿ ಐತಿ. ನಮಗ ಗ್ವಾಡಿ ನಡಿಯೂದಿಲ್ಲ. ಅಷ್ಟ.”

ಪೆಟ್ಟಿಗೆ ಒಂದು ಕ್ಷಣ ಸುಮ್ಮನಿತ್ತು. ಅದು ಕರಗಿತೆಂದು ಬರೆದರೆ ಕತೆಗೆ ಚಂದ. ಆದರೆ ಅದು ಕಾನೂನಿನ ಪುಟ ಹುಡುಕುತ್ತಿತ್ತು, ಅಷ್ಟೇ. “ಆಕ್ಷೇಪಣೆ ಸ್ವೀಕೃತ. ತೆರವು ಕಾರ್ಯ ರದ್ದು. ಬಳಸುವವರ ಒಪ್ಪಿಗೆಯಿಲ್ಲದೆ ಈ ಕಟ್ಟಡವನ್ನು ಮುಟ್ಟತಕ್ಕದ್ದಲ್ಲ. ಜಾರಿ.”

ಸಂತೆಬಯಲಿನಲ್ಲಿ ಬುಲ್ಡೋಜರ್ ಗುರ್ರೆನ್ನುವುದನ್ನು ನಿಲ್ಲಿಸಿ, ಹಲ್ಲು ಮುಚ್ಚಿಕೊಂಡು, ಹಿಂದೆ ಹಿಂದೆ ಸರಿದು ಬಯಲು ದಾಟಿ ಹೋಯಿತಂತೆ. ಕಾಶವ್ವ ಅದರ ಬೆನ್ನಿಗೆ ಒಂದು ಹಿಡಿ ಮಣ್ಣು ತೂರಿ ಲಟಿಗೆ ಮುರಿದಳಂತೆ. ಸಭೆಯಲ್ಲಿ ಹೊಟ್ಟೆಹಸಿವಿಗಿಂತ ದೊಡ್ಡ ಅವಮಾನವಿಲ್ಲವಾದ್ದರಿಂದ ಸದಸ್ಯರು ಉಪ್ಪಿಟ್ಟಿನ ಕಡೆ ಎದ್ದರು. ಹೃದಯವನ್ನು ಬೇರೆ ಎಲ್ಲಿ ಇಡಬಹುದೆಂಬ ಚರ್ಚೆ ಮೊದಲ ತಟ್ಟೆ ಮುಗಿಯುವಷ್ಟರಲ್ಲಿ ಶುರುವಾಗಿತ್ತು.

ಸಂಜೆ ಬಸಲಿಂಗಪ್ಪ 'ಧಡ್' ಎಂದು ಬಾಗಿಲು ದೂಡಿಕೊಂಡು ಬಂದ. ಬೈಯಬೇಕೆಂದು ದಾರಿಯುದ್ದಕ್ಕೂ ಶಬ್ದ ಕೂಡಿಸಿದ್ದ. ಆದರೆ ಮನೆಯ ತಿರುವಿನಲ್ಲಿ ಅವನ ಮೊಬೈಲಿಗೆ ಪೆಟ್ಟಿಗೆಯಿಂದ ಒಂದು ಸಂದೇಶ ಬಂದಿತ್ತು. ಅದನ್ನು ಓದಿದ ಮೇಲೆ ಬೈಗುಳವೆಲ್ಲ ಗಂಟಲಿನಲ್ಲೇ ಒಣಗಿತ್ತು. ‘ಶ್ರೀಮತಿ ವಿಜಯಲಕ್ಷ್ಮಿಯವರೇ, ನಿಮ್ಮ ಸಭೆಯ ಮಹಿಳೆಯರು ರಾಜ್ಯಕ್ಕೇ ಮಾದರಿ. ನಾಳೆ ಆರಂಭವಾಗುವ ಮಹಿಳಾ ಸದಸ್ಯರ ಒಂದು ವಾರದ ವಸತಿ ಶಿಬಿರಕ್ಕೆ ನಿಮ್ಮೆಲ್ಲರನ್ನೂ ಆಯ್ಕೆ ಮಾಡಲಾಗಿದೆ. ವಿಷಯ: ಗರ್ಭಿಣಿಯರ ಆರೈಕೆ ಮತ್ತು ಎದೆಹಾಲಿನ ಮಹತ್ವ. ಹಾಜರಿ ದನಿಯ ಮೂಲಕ. ಗೈರಾದವರ ಸದಸ್ಯತ್ವ ರದ್ದು.’

ಅವನು ಅಂಗಿಯನ್ನೂ ಬಿಚ್ಚದೆ ಕಟ್ಟೆಯ ಮೇಲೆ ಕುಸಿದು, ಒಳಗೆ ನೋಡಿ ಕೂಗಿದ.

“ವಿಜಯಾ! ಏ ವಿಜಯಾ! ನನ್ನ ಬ್ಯಾಗ ತುಂಬು. ಮುಂಜಾನೆ ಊರಿಗೆ ಹೋಗೂದೈತಿ.”

ಅಡುಗೆಮನೆಯಲ್ಲಿ ಆಕೆ ದೊಡ್ಡ ತಂಬಿಗೆಯಿಂದ ನೀರು ಕುಡಿಯುತ್ತಿದ್ದಳು.

“ವಿಜಯಾ! ಕೇಳಸ್ತೈತಿಲ್ಲ? ನಿನ್ನ ಕರ್ಯಾಕತ್ತೀನಿ!”

ಆಕೆ ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಬಾಯೊರೆಸಿಕೊಂಡು ಹೊಸ್ತಿಲಿಗೆ ಬಂದಳು.

“ನನ್ನ ಯಾಕ ಕರೀತೀರಿ?” ಎಂದಳು. “ವಿಜಯಾ ಅನ್ನಾಕಿ ನೀವ ಅಲ್ಲೇನ್ರಿ? ತುಂಬ್ಕೋರಿ.”